390 ಓಟ, 1,808 ಗಜ: ಹೊಸ ಹುಡುಗನೊಬ್ಬನ ಮೊದಲ ಸೀಸನ್ ಅರ್ಥ ಮಾಡಿಕೊಳ್ಳುವುದು ಹೇಗೆ?

ಬೆಳಿಗ್ಗೆ ವಾಕಿಂಗ್ ಹೋಗುವವರು ಇಪ್ಪತ್ತು ನಿಮಿಷದಲ್ಲಿ ಒಂದೂವರೆ ಕಿಲೋಮೀಟರ್ ಆರಾಮಾಗಿ ನಡೆದು ಬರುತ್ತಾರೆ. 1983ರಲ್ಲಿ ಅಮೆರಿಕನ್ ಫುಟ್ಬಾಲ್ ಆಡುತ್ತಿದ್ದ ಎರಿಕ್ ಡಿಕರ್ಸನ್ ಎಂಬ 23 ವರ್ಷದ ಹುಡುಗ ಚೆಂಡು ಎದೆಗವಚಿಕೊಂಡು ಇಡೀ ಸೀಸನ್‌ನಲ್ಲಿ ಗಳಿಸಿದ ದೂರ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 1,808 ಗಜ. ಮೀಟರ್ ಲೆಕ್ಕದಲ್ಲಿ ಸುಮಾರು 1,653. ಅದಕ್ಕೆ 16 ಪಂದ್ಯ, ನಾಲ್ಕು ತಿಂಗಳು ಹಿಡಿಯಿತು.

ಇಷ್ಟು ಸಣ್ಣ ದೂರ ದೊಡ್ಡ ಸಾಧನೆ ಹೇಗಾಗುತ್ತದೆ? 40 ವರ್ಷ ಕಳೆದರೂ ಆ ಆಟದ ದೊಡ್ಡ ಲೀಗಿಗೆ ಹೊಸದಾಗಿ ಬಂದ ಒಬ್ಬನೇ ಒಬ್ಬ ಆಟಗಾರನೂ ಅದನ್ನು ಯಾಕೆ ದಾಟಿಲ್ಲ?

ಈ ಪ್ರಶ್ನೆ ನಮ್ಮವರಿಗೂ ಈಗೀಗ ಎದುರಾಗುತ್ತಿದೆ. ಮಗನ ಮನೆಗೋ ಮಗಳ ಮನೆಗೋ ಎಂದು ಆರು ತಿಂಗಳು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರಿಗೆ ಸೆಪ್ಟೆಂಬರ್ ಬಂತೆಂದರೆ ಭಾನುವಾರ ಟೀವಿಯಲ್ಲಿ ಕಾಣುವುದು ಇದೇ ಆಟ. ಮೊಮ್ಮಕ್ಕಳು ಕುಣಿಯುತ್ತಾರೆ, ಇವರಿಗೆ ತಲೆಬುಡ ತಿಳಿಯುವುದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆಗೆ ಈ ಆಟದ ಒಂದು ರೂಪವೂ ಇರಲಿದೆ. ಅದಕ್ಕೆ ಫ್ಲ್ಯಾಗ್ ಫುಟ್ಬಾಲ್ ಎಂದು ಹೆಸರು. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಮೊದಲು ಮೈದಾನ

ಅಮೆರಿಕದವರು ಫುಟ್ಬಾಲ್ ಎನ್ನುವುದು ನಾವು ಕಾಲಲ್ಲಿ ಒದ್ದು ಆಡುವ ಆಟವನ್ನಲ್ಲ. ಅಲ್ಲಿ ಚೆಂಡು ಹೆಚ್ಚು ಹೊತ್ತು ಕೈಯಲ್ಲೇ ಇರುತ್ತದೆ. ಅದು ಗುಂಡಗೂ ಇರುವುದಿಲ್ಲ. ಎರಡೂ ತುದಿ ಚೂಪಾದ ಮೊಟ್ಟೆಯ ಹಾಗಿರುತ್ತದೆ.

ಮೈದಾನದ ಉದ್ದ 100 ಗಜ. ಗಜ ಅಂದರೆ ಮೂರು ಅಡಿ, ಹಿಂದೆ ಬಟ್ಟೆ ಅಂಗಡಿಯಲ್ಲಿ ಅಳೆಯುತ್ತಿದ್ದ ಅದೇ ಗಜ. ಎರಡೂ ತುದಿಯಲ್ಲಿ 10 ಗಜದ ಒಂದೊಂದು ಪಟ್ಟಿ ಇದೆ. ಅದು ಎಂಡ್ ಝೋನ್. ಎದುರಾಳಿಯ ಎಂಡ್ ಝೋನ್‌ಗೆ ಚೆಂಡು ತಲುಪಿಸಿದರೆ ಟಚ್‌ಡೌನ್, 6 ಅಂಕ.

ಎರಡೂ ಕಡೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಪ್ರಯತ್ನ ಸಿಗುತ್ತದೆ. ಒಂದೊಂದು ಪ್ರಯತ್ನಕ್ಕೂ ಡೌನ್ ಎಂದು ಹೆಸರು. ಈ ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಪ್ರಯತ್ನ. ಹೋಗದಿದ್ದರೆ ಚೆಂಡು ಎದುರಾಳಿಗೆ. ಮೂರರಲ್ಲಿ ಆಗಲಿಲ್ಲ ಎಂದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ.

ಈ ಲೆಕ್ಕವೊಂದು ಮನಸ್ಸಿನಲ್ಲಿರಲಿ: ಮೂರು ಪ್ರಯತ್ನ, 10 ಗಜ. ಅಂದರೆ ಪ್ರತಿ ಸಲ ಮೂರೂವರೆ ಗಜ ಸಿಕ್ಕರೆ ಸಾಕು, ಆ ತಂಡವನ್ನು ತಡೆಯುವುದು ಕಷ್ಟ. ಟೀವಿಯಲ್ಲಿ ಒಬ್ಬ ನಾಲ್ಕು ಹೆಜ್ಜೆ ಓಡಿ ಬಿದ್ದಾಗ ಜನ ಚಪ್ಪಾಳೆ ತಟ್ಟುವುದು ಯಾಕೆ ಅಂತ ಈಗ ಗೊತ್ತಾಗುತ್ತದೆ, ಅಲ್ವಾ?

ರನ್ನಿಂಗ್ ಬ್ಯಾಕ್ ಯಾರು?

ಚೆಂಡನ್ನು ಮುಂದೆ ಕೊಂಡೊಯ್ಯಲು ಎರಡು ದಾರಿ. ಒಂದು, ಎಸೆಯುವುದು. ಇನ್ನೊಂದು, ಹಿಡಿದುಕೊಂಡು ಓಡುವುದು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಓಡುವುದೇ ಮುಖ್ಯ ಕೆಲಸವಾಗಿರುವವನು ರನ್ನಿಂಗ್ ಬ್ಯಾಕ್.

ನಮಗೆ ತಿಳಿದಿರುವ ಆಟದಲ್ಲಿ ಇವನಿಗೆ ತೀರಾ ಹತ್ತಿರದವನು ಕಬಡ್ಡಿಯ ರೈಡರ್. ಇಬ್ಬರೂ ಎದುರಾಳಿಗಳ ಗುಂಪಿಗೆ ನುಗ್ಗುವವರೇ. ಇಬ್ಬರನ್ನೂ ಕಾಲು, ಸೊಂಟ ಹಿಡಿದು ಕೆಡವಲು ನಾಲ್ಕೈದು ಜನ ಕಾದಿರುತ್ತಾರೆ. ಇಬ್ಬರಿಗೂ ಬೇಕಾದದ್ದು ಕಣ್ಣು, ಕಾಲು ಮತ್ತು ಧೈರ್ಯ. ಆದರೆ ಎರಡು ವ್ಯತ್ಯಾಸಗಳಿವೆ. ರೈಡರ್ ಒಬ್ಬನೇ ಹೋಗುತ್ತಾನೆ, ಮುಟ್ಟಿ ತನ್ನ ಅಂಕಣಕ್ಕೆ ವಾಪಸ್ ಬರಬೇಕು. ರನ್ನಿಂಗ್ ಬ್ಯಾಕ್ ವಾಪಸ್ ಬರಬೇಕಿಲ್ಲ, ಎಲ್ಲಿ ಬಿದ್ದನೋ ಅಲ್ಲಿಯವರೆಗಿನ ನೆಲ ಅವನ ತಂಡದ್ದು. ಎರಡನೆಯದು, ಅವನ ಮುಂದೆ ದಾರಿ ಬಿಡಿಸುವ ಐದು ಜನ ದೈತ್ಯರಿರುತ್ತಾರೆ.

ಒಂದು ಓಟದ ಮೂರು ಸೆಕೆಂಡು

ಒಂದೇ ಒಂದು ಓಟವನ್ನು ನಿಧಾನವಾಗಿ ನೋಡೋಣ.

ರನ್ನಿಂಗ್ ಬ್ಯಾಕ್ ಏಳು ಗಜ ಹಿಂದೆ ನಿಂತಿದ್ದಾನೆ. ಮುಂದೆ ಐದು ಜನ ಲೈನ್‌ಮನ್‌ಗಳು ಬಗ್ಗಿ ನೆಲಕ್ಕೆ ಕೈಯೂರಿದ್ದಾರೆ. ನಡುವಿನವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಅದನ್ನು ಹಿಡಿದು ತಿರುಗುತ್ತಾನೆ. ಅಷ್ಟರಲ್ಲಿ ಓಟಗಾರ ಹೊರಟಿದ್ದಾನೆ. ಒಂದು ಮೊಣಕೈ ಮೇಲೆ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ನಡುವೆ ಚೀಲದ ಬಾಯಿಯ ಹಾಗೆ ಒಂದು ಜಾಗ. ಕ್ವಾರ್ಟರ್‌ಬ್ಯಾಕ್ ಅಲ್ಲಿ ಚೆಂಡನ್ನು ಒತ್ತಿದ ತಕ್ಷಣ ಎರಡೂ ಕೈ ಮುಚ್ಚಿಕೊಳ್ಳುತ್ತವೆ. ಇದಕ್ಕೆ ಹ್ಯಾಂಡ್ಆಫ್ ಎನ್ನುತ್ತಾರೆ.

ಗಮನಿಸಬೇಕಾದ್ದು ಅವನ ಕಣ್ಣು. ಅವನು ಚೆಂಡನ್ನು ನೋಡುವುದೇ ಇಲ್ಲ. ಅವನು ನೋಡುತ್ತಿರುವುದು ಮುಂದಿನ ಗೋಡೆಯನ್ನು. ಅಲ್ಲಿ ಲೈನ್‌ಮನ್‌ಗಳು ಎದುರಾಳಿಗಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತಿದ್ದಾರೆ. ಈಗ ಸಂದಿ ಇಲ್ಲ. ಇನ್ನು ಅರ್ಧ ಸೆಕೆಂಡಿಗೆ ಒಂದು ಕಡೆ ಸಂದಿ ಬೀಳುತ್ತದೆ, ಬಿದ್ದಷ್ಟೇ ಬೇಗ ಮುಚ್ಚಿಹೋಗುತ್ತದೆ. ಜಾತ್ರೆಯ ಜನಜಂಗುಳಿಯಲ್ಲಿ ಮಗುವನ್ನು ಎದೆಗವಚಿಕೊಂಡು ನುಸುಳುವಾಗ ನಾವೂ ಹಾಗೇ ನೋಡುತ್ತೇವೆ. ಈಗ ಎಲ್ಲಿ ಜಾಗ ಇದೆ ಅಂತಲ್ಲ, ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಎಲ್ಲಿ ಜಾಗ ಆಗುತ್ತದೆ ಅಂತ. ಬೇಗ ಹೋದರೆ ಮುಚ್ಚಿದ ಬಾಗಿಲಿಗೆ ಡಿಕ್ಕಿ. ತಡವಾದರೆ ಹಿಂದಿನಿಂದ ಹಿಡಿಯುತ್ತಾರೆ.

ನಂತರ ನೂರು ನೂರಿಪ್ಪತ್ತು ಕಿಲೋ ತೂಕದ ಒಬ್ಬಿಬ್ಬರು ಬಂದು ಅಪ್ಪಳಿಸುತ್ತಾರೆ. ಅದು ಟ್ಯಾಕಲ್. ನಾಲ್ಕು ಗಜ ಸಿಕ್ಕಿತು. ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಹಿಂದೆ ಬಂದು ನಿಲ್ಲಬೇಕು. ಅರ್ಧ ನಿಮಿಷದಲ್ಲಿ ಇನ್ನೊಂದು.

ಡಿಕರ್ಸನ್ ಮೊದಲ ವರ್ಷ ಇದನ್ನು 390 ಸಲ ಮಾಡಿದ. ಪಂದ್ಯಕ್ಕೆ ಸರಾಸರಿ 24 ಸಲ. ಅದರ ಮೇಲೆ, ಎಸೆದ ಚೆಂಡನ್ನು 51 ಸಲ ಹಿಡಿದು ಮತ್ತೆ 404 ಗಜ ಗಳಿಸಿದ.

ರೂಕಿ ಅಂದರೇನು, ಡ್ರಾಫ್ಟ್ ಅಂದರೇನು?

ವೃತ್ತಿಪರ ಲೀಗಿನಲ್ಲಿ ಮೊದಲ ವರ್ಷ ಆಡುತ್ತಿರುವವನೇ ರೂಕಿ. ಅಲ್ಲಿನ ದೊಡ್ಡ ಲೀಗಿನ ಹೆಸರು ಎನ್‌ಎಫ್‌ಎಲ್. ಹುಡುಗರು ಕಾಲೇಜು ತಂಡಗಳಲ್ಲಿ ಆಡಿ ಅಲ್ಲಿಗೆ ಬರುತ್ತಾರೆ.

ಯಾರು ಯಾವ ತಂಡಕ್ಕೆ ಎನ್ನುವುದನ್ನು ಡ್ರಾಫ್ಟ್ ತೀರ್ಮಾನಿಸುತ್ತದೆ. ನಮ್ಮ ಐಪಿಎಲ್ ಹರಾಜಿನಂತೆ ಇಲ್ಲಿ ಬೆಲೆ ಕೂಗುವುದಿಲ್ಲ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ. ಆಯ್ಕೆಯ ಸರದಿಯನ್ನು ತಂಡಗಳು ತಮ್ಮತಮ್ಮಲ್ಲೇ ಕೊಡುಕೊಳ್ಳುವುದೂ ಉಂಟು. ಹುಡುಗನಿಗೆ ಇಂಥದ್ದೇ ತಂಡ ಬೇಕು ಅನ್ನುವ ಅವಕಾಶ ಕಡಿಮೆ.

1983ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇ. ಎರಡನೆಯದು ಡಿಕರ್ಸನ್. ಮೂರನೆಯವನು ಇನ್ನೊಬ್ಬ ರನ್ನಿಂಗ್ ಬ್ಯಾಕ್ ಕರ್ಟ್ ವಾರ್ನರ್. ಈ ಮೂರನೆಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕನ್ನಡಕ ಹಾಕಿದ ಓಟಗಾರ

ಡಿಕರ್ಸನ್ ಟೆಕ್ಸಾಸ್ ರಾಜ್ಯದ ಸೀಲಿ ಎಂಬ ಸಣ್ಣ ಊರಿನವನು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಆಡಿ ಹೆಸರು ಮಾಡಿದ್ದ. ಅವನನ್ನು ಆರಿಸಿಕೊಂಡದ್ದು ಲಾಸ್ ಏಂಜಲೀಸ್ ರ್‍ಯಾಮ್ಸ್. ಆ ತಂಡದ ಸ್ಥಿತಿ ಆಗ ಚೆನ್ನಾಗಿರಲಿಲ್ಲ. ಆಟಗಾರರ ಮುಷ್ಕರದಿಂದ ಮೊಟಕಾದ 1982ರ ಸೀಸನ್‌ನಲ್ಲಿ 9 ಪಂದ್ಯ ಆಡಿ ಗೆದ್ದದ್ದು 2 ಮಾತ್ರ.

1983ರಲ್ಲಿ ಹೊಸ ಕೋಚ್ ಬಂದರು, ಜಾನ್ ರಾಬಿನ್ಸನ್. ಕಾಲೇಜು ಮಟ್ಟದಲ್ಲಿ ಓಟದ ಆಟವನ್ನೇ ನಂಬಿ ತಂಡ ಕಟ್ಟಿದ್ದವರು. ಅವರ ಶಿಷ್ಯರಲ್ಲಿ ಇಬ್ಬರು ರನ್ನಿಂಗ್ ಬ್ಯಾಕ್‌ಗಳು ಕಾಲೇಜು ಫುಟ್ಬಾಲಿನ ದೊಡ್ಡ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದಿದ್ದರು. ಓಟವನ್ನು ನಂಬುವ ಗುರು, ಓಡಬಲ್ಲ ಹುಡುಗ ಒಂದೇ ವರ್ಷ ಒಂದೇ ಕಡೆ ಸೇರಿದರು. 390 ಸಲ ಚೆಂಡು ಕೈಗೆ ಸಿಕ್ಕಿದ್ದು ಅದಕ್ಕೇ. ಬೇರೆ ತಂಡಕ್ಕೆ ಹೋಗಿದ್ದರೆ ಇಷ್ಟು ಅವಕಾಶ ಸಿಗುತ್ತಿತ್ತು ಅಂತ ಹೇಳಲಾಗದು.

ಆ ಕಾಲದ ಚಿತ್ರಗಳಲ್ಲಿ ಡಿಕರ್ಸನ್‌ನನ್ನು ಗುರುತು ಹಿಡಿಯುವುದು ಸುಲಭ. ದೂರದ್ದು ಸರಿಯಾಗಿ ಕಾಣದ ಕಣ್ಣು, ಹಾಗಾಗಿ ಹೆಲ್ಮೆಟ್ ಒಳಗೆ ದಪ್ಪ ಕನ್ನಡಕ. ಆರು ಅಡಿ ಮೂರು ಅಂಗುಲ ಎತ್ತರ, ಹತ್ತಿರಹತ್ತಿರ 100 ಕಿಲೋ ತೂಕ. ಎಲ್ಲರೂ ಬಗ್ಗಿ ಓಡಿದರೆ ಈತ ಬೆನ್ನು ನೆಟ್ಟಗೆ ಮಾಡಿಕೊಂಡು ಓಡುತ್ತಿದ್ದ. ಬಗ್ಗಿ ಓಡಬೇಕು ಎನ್ನುವುದಕ್ಕೆ ಕಾರಣವಿದೆ. ಮೈ ಚಿಕ್ಕದಾದಷ್ಟೂ ಹೊಡೆತ ಬೀಳುವ ಜಾಗ ಕಡಿಮೆ. ಆದರೆ ಡಿಕರ್ಸನ್‌ನ ಹೆಜ್ಜೆ ಎಷ್ಟು ಉದ್ದವಾಗಿತ್ತೆಂದರೆ, ಆತ ಆರಾಮಾಗಿ ಹೋಗುತ್ತಿರುವಂತೆ ಕಾಣುತ್ತಿದ್ದ, ಹಿಂದೆ ಓಡುವವರು ಮಾತ್ರ ಹಿಂದೆಯೇ ಉಳಿಯುತ್ತಿದ್ದರು. ಹಳೆಯ ವಿಡಿಯೊ ಸಿಕ್ಕರೆ ನೋಡಿ. ಅಷ್ಟು ದೊಡ್ಡ ಮೈ ಅಷ್ಟು ಹಗುರವಾಗಿ ಓಡುವುದು ನಿಜಕ್ಕೂ ಚೆಂದ.

ಸೀಸನ್ ಮುಗಿದಾಗ 1,808 ಗಜ, ಓಡಿ ಹೊಡೆದ 18 ಟಚ್‌ಡೌನ್. ಇಡೀ ಲೀಗಿನಲ್ಲೇ ಅತಿ ಹೆಚ್ಚು ಗಜ. ರೂಕಿಗಳ ಹಿಂದಿನ ದಾಖಲೆ 1981ರಲ್ಲಿ ಜಾರ್ಜ್ ರಾಜರ್ಸ್ ಮಾಡಿದ್ದ 1,674. ರ್‍ಯಾಮ್ಸ್ 16ರಲ್ಲಿ 9 ಗೆದ್ದು ಪ್ಲೇಆಫ್‌ಗೆ ಹೋಯಿತು.

ಅಂಕಿ ಅಂಶ ಓದುವುದು ಹೇಗೆ?

ಬರೀ ಒಟ್ಟು ಗಜ ನೋಡಿದರೆ ಸಾಲದು. ಕ್ರಿಕೆಟ್‌ನಲ್ಲಿ ಒಬ್ಬ 80 ರನ್ ಹೊಡೆದ ಎಂದರೆ ಎಷ್ಟು ಬಾಲಿನಲ್ಲಿ ಅಂತ ಕೇಳುತ್ತೇವೆ ತಾನೇ? ಇಲ್ಲೂ ಹಾಗೇ. ಒಟ್ಟು ಗಜವನ್ನು ಓಟದ ಸಂಖ್ಯೆಯಿಂದ ಭಾಗಿಸಬೇಕು. 1,808 ಭಾಗಿಸು 390, ಅಂದರೆ 4.6. ಒಂದು ಓಟಕ್ಕೆ ಒಂದು ಕಾರಿನ ಉದ್ದಕ್ಕಿಂತ ತುಸು ಹೆಚ್ಚು. ಸಾಮಾನ್ಯವಾಗಿ 4 ದಾಟಿದರೆ ಪರವಾಗಿಲ್ಲ, ನಾಲ್ಕೂವರೆ ದಾಟಿದರೆ ಚೆನ್ನಾಗಿದೆ, 5 ದಾಟಿದರೆ ಬಹಳ ಚೆನ್ನಾಗಿದೆ ಎನ್ನುತ್ತಾರೆ. ಮೊದಲು ಹೇಳಿದ ಲೆಕ್ಕ ನೆನಪಿಸಿಕೊಳ್ಳಿ: ಮೂರೂವರೆ ಸಾಕು.

ಹಾಗಾದರೆ ಸರಾಸರಿಯೇ ಎಲ್ಲವಾ? ಅದೂ ಅಲ್ಲ. 50 ಸಲ ಓಡಿ 5 ಗಜ ಸರಾಸರಿ ಇಟ್ಟುಕೊಳ್ಳುವುದು ಬೇರೆ, 390 ಸಲ ಓಡಿ 4.6 ಉಳಿಸಿಕೊಳ್ಳುವುದು ಬೇರೆ. ಎದುರಾಳಿಗೆ ಚೆಂಡು ಯಾರ ಕೈಗೆ ಹೋಗುತ್ತದೆಂದು ಮೊದಲೇ ಗೊತ್ತು. ಮೈ ದಣಿದಿದೆ. ಆಗಲೂ ಅಷ್ಟು ಸಿಗುತ್ತದೆ ಅಂದರೆ ಅದು ದೊಡ್ಡ ಮಾತು.

ಪಂದ್ಯಗಳ ಸಂಖ್ಯೆಯನ್ನೂ ನೋಡಬೇಕು. ಒಂದು ಕಾಲದಲ್ಲಿ ಸೀಸನ್‌ಗೆ 12 ಪಂದ್ಯ ಇದ್ದವು. ಆಮೇಲೆ 14 ಆಯಿತು, 1978ರಿಂದ 16, 2021ರಿಂದ 17. 1957ರಲ್ಲಿ ಜಿಮ್ ಬ್ರೌನ್ ರೂಕಿಯಾಗಿ ಗಳಿಸಿದ್ದು 942 ಗಜ. ಇಂದಿನ ಕಣ್ಣಿಗೆ ಕಡಿಮೆ ಅನಿಸುತ್ತದೆ. ಆದರೆ ಅದು 12 ಪಂದ್ಯದಲ್ಲಿ, ಮತ್ತು ಆ ವರ್ಷ ಲೀಗಿಗೇ ಅದು ಮೊದಲ ಸ್ಥಾನ.

ಜೊತೆಗೆ ಕಹಿ ಲೆಕ್ಕವೂ ಒಂದಿದೆ. ಹೊಡೆತಕ್ಕೆ ಚೆಂಡು ಕೈಜಾರಿದರೆ ಅದು ಫಂಬಲ್. ಯಾರು ಮೊದಲು ಅದರ ಮೇಲೆ ಬಿದ್ದರೋ ಚೆಂಡು ಅವರದ್ದು. ಡಿಕರ್ಸನ್ ಆ ವರ್ಷ 13 ಸಲ ಫಂಬಲ್ ಮಾಡಿದ. ಎಲ್ಲವೂ ಎದುರಾಳಿಗೆ ಹೋಗಲಿಲ್ಲ, ಆದರೂ ಅದು ಜಾಸ್ತಿಯೇ. ದಾಖಲೆಯ ವರ್ಷದಲ್ಲೂ ಇಂಥ ಕೊರತೆ ಇತ್ತು ಎನ್ನುವುದನ್ನು ಮುಚ್ಚಿಡಬೇಕಿಲ್ಲ.

ಹೆಸರು ಬರದ ಐವರು

ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಭಾಗ ಇದು. ಲೈನ್‌ಮನ್‌ಗಳ ಹೆಸರಿನ ಮುಂದೆ ಒಂದು ಗಜವೂ ಬರೆಯುವುದಿಲ್ಲ. ಅವರು ಚೆಂಡನ್ನು ಮುಟ್ಟುವುದೇ ಅಪರೂಪ. ಆದರೆ 1,808ರಲ್ಲಿ ಒಂದೊಂದು ಗಜದ ಮೊದಲ ಹೆಜ್ಜೆ ಅವರದ್ದು. ರ್‍ಯಾಮ್ಸ್ ಸಾಲಿನಲ್ಲಿ ಜಾಕಿ ಸ್ಲೇಟರ್, ಕೆಂಟ್ ಹಿಲ್, ಡೆನಿಸ್ ಹರಾ, ಡಗ್ ಸ್ಮಿತ್ ಮುಂತಾದವರಿದ್ದರು. ಸ್ಲೇಟರ್ 20 ಸೀಸನ್ ಇದೇ ತಂಡಕ್ಕೆ ಆಡಿದರು. 1999ರಲ್ಲಿ ಡಿಕರ್ಸನ್ ಆಟದ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠ ಆಟಗಾರರ ಗೌರವ ಪಟ್ಟಿ, ಸೇರಿದರೆ, 2001ರಲ್ಲಿ ಸ್ಲೇಟರ್ ಸೇರಿದರು.

ಮದುವೆ ಮನೆಯಲ್ಲಿ ಬಡಿಸುವವರು ಕಾಣುತ್ತಾರೆ, ಒಲೆಯ ಮುಂದೆ ನಿಂತವರು ಕಾಣುವುದಿಲ್ಲವಲ್ಲ, ಹಾಗೆ. ಯಾವುದೇ ರೂಕಿಯ ದೊಡ್ಡ ಸೀಸನ್ ನೋಡಿದಾಗ ಅವನ ಮುಂದಿನ ಐವರು ಯಾರು ಅಂತ ಒಮ್ಮೆ ಕೇಳಿ. 2016ರಲ್ಲಿ ಎಝೆಕಿಯಲ್ ಎಲಿಯಟ್ ಎಂಬ ರೂಕಿ 1,631 ಗಜ ಓಡಿ ಲೀಗಿಗೆ ಮೊದಲಿಗನಾದ. ಅವನ ಡಲ್ಲಾಸ್ ತಂಡದ ಲೈನ್ ಆಗ ಲೀಗಿನಲ್ಲೇ ಅತ್ಯುತ್ತಮ ಎನಿಸಿಕೊಂಡಿತ್ತು.

ಓಟ ಮಾಯವಾದ ದಿನ

1983ರ ಸೀಸನ್ ಮುಗಿದು ಪ್ಲೇಆಫ್ ಬಂತು. ರ್‍ಯಾಮ್ಸ್ ಡಲ್ಲಾಸ್‌ನಲ್ಲಿ 24-17ರಿಂದ ಗೆದ್ದಿತು. ನಂತರ 1984ರ ಜನವರಿ 1ರಂದು ವಾಷಿಂಗ್ಟನ್ ವಿರುದ್ಧ 51-7ರಿಂದ ಸೋತಿತು. ಆ ದಿನ ಡಿಕರ್ಸನ್‌ಗೆ 10 ಓಟದಲ್ಲಿ ಸಿಕ್ಕಿದ್ದು 16 ಗಜ.

ಇದ್ದಕ್ಕಿದ್ದಂತೆ ಓಡಲು ಮರೆತುಹೋಯಿತಾ? ಇಲ್ಲ. ಓಟ ನಿಧಾನದ ದಾರಿ. ಪ್ರತಿ ಓಟದ ನಂತರವೂ ಗಡಿಯಾರ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಎಸೆದ ಚೆಂಡು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ ಮುಂದಿರುವ ತಂಡ ಓಡುತ್ತದೆ, ಹಿಂದೆ ಬಿದ್ದ ತಂಡ ಎಸೆಯುತ್ತದೆ. ದೊಡ್ಡ ಅಂತರದಲ್ಲಿ ಸೋಲುತ್ತಿರುವಾಗ ಎಷ್ಟೇ ಒಳ್ಳೆಯ ರನ್ನಿಂಗ್ ಬ್ಯಾಕ್ ಇದ್ದರೂ ಅವನ ಕೈಗೆ ಚೆಂಡು ಬರುವುದು ಕಡಿಮೆ. ಸೋತ ತಂಡಗಳ ರೂಕಿಗಳ ಅಂಕಿ ಓದುವಾಗ ಇದು ಗಮನದಲ್ಲಿರಬೇಕು. ಪ್ಲೇಆಫ್ ಗಜಗಳು ಸೀಸನ್ ಲೆಕ್ಕಕ್ಕೆ ಸೇರುವುದಿಲ್ಲ ಎನ್ನುವುದೂ ತಿಳಿದಿರಲಿ.

ಮೊದಲ ವರ್ಷಕ್ಕೇ ಯಾಕಿಷ್ಟು ಬೆಲೆ?

ಹೆಚ್ಚಿನ ಕೆಲಸಗಳಲ್ಲಿ ಅನುಭವ ಕೂಡಿದಷ್ಟೂ ಕೆಲಸ ಚೆನ್ನಾಗುತ್ತದೆ. ಕ್ವಾರ್ಟರ್‌ಬ್ಯಾಕ್‌ಗಳೂ ವರ್ಷ ಕಳೆದಂತೆ ಪಳಗುತ್ತಾರೆ. ರನ್ನಿಂಗ್ ಬ್ಯಾಕ್ ವಿಷಯ ಹಾಗಲ್ಲ. ಅವನ ಬಂಡವಾಳ ಮೈ. ಅದು ಪ್ರತಿ ಓಟಕ್ಕೂ ಸ್ವಲ್ಪ ಸ್ವಲ್ಪ ಖರ್ಚಾಗುತ್ತದೆ.

ಇದನ್ನು ಅಂಕಿಯಲ್ಲೇ ನೋಡಬಹುದು. ಮೊದಲ ವರ್ಷವೇ 1,600 ಗಜ ದಾಟಿದವರು ಐದು ಜನ. ಡಿಕರ್ಸನ್ 1,808. ಜಾರ್ಜ್ ರಾಜರ್ಸ್ 1,674. ಎಲಿಯಟ್ 1,631. 2012ರಲ್ಲಿ ಆಲ್ಫ್ರೆಡ್ ಮಾರಿಸ್ 1,613. 1979ರಲ್ಲಿ ಓಟಿಸ್ ಆ್ಯಂಡರ್ಸನ್ 1,605. ಈ ಐವರಲ್ಲಿ ನಾಲ್ವರಿಗೆ ಆ ಮೊದಲ ವರ್ಷವೇ ಬದುಕಿನ ಅತ್ಯುತ್ತಮ ವರ್ಷವಾಯಿತು. ಮುಂದೆ ಎಂದೂ ಅಷ್ಟು ಗಜ ಸಿಗಲಿಲ್ಲ. ಅದನ್ನು ದಾಟಿದ್ದು ಡಿಕರ್ಸನ್ ಒಬ್ಬನೇ. ಎಲ್ಲರಿಗೂ ಇದೇ ಗತಿ ಎಂದಲ್ಲ. ಅರ್ಲ್ ಕ್ಯಾಂಪ್‌ಬೆಲ್ 1978ರಲ್ಲಿ 1,450ರಿಂದ ಶುರು ಮಾಡಿ ಮೂರನೆಯ ವರ್ಷಕ್ಕೆ 1,934 ಮುಟ್ಟಿದ.

ಈಗ ಕರ್ಟ್ ವಾರ್ನರ್ ವಿಷಯಕ್ಕೆ ಬರೋಣ. ಸಿಯಾಟಲ್ ತಂಡದ ಈತ 1983ರಲ್ಲಿ 1,449 ಗಜ ಓಡಿದ. ಲೀಗಿನ ಎರಡು ಭಾಗಗಳಲ್ಲಿ ಡಿಕರ್ಸನ್ ಒಂದರಲ್ಲಿ ಮೊದಲಿಗ, ವಾರ್ನರ್ ಇನ್ನೊಂದರಲ್ಲಿ. ಒಂದೇ ಡ್ರಾಫ್ಟ್, ಅಕ್ಕಪಕ್ಕದ ಆಯ್ಕೆ. 1984ರ ಸೀಸನ್‌ನ ಮೊದಲ ಪಂದ್ಯದಲ್ಲೇ ವಾರ್ನರ್‌ನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಇಡೀ ವರ್ಷ ಹೋಯಿತು. ಮರಳಿ ಬಂದು ಸಾವಿರಕ್ಕೂ ಹೆಚ್ಚು ಗಜದ ಸೀಸನ್‌ಗಳನ್ನು ಆಡಿದ, ಅದು ಅವನ ಗಟ್ಟಿತನ. ಅತ್ತ ಅದೇ 1984ರಲ್ಲಿ ಡಿಕರ್ಸನ್ 2,105 ಗಜ ಓಡಿ ಇಡೀ ಲೀಗಿನ ದಾಖಲೆಯನ್ನೇ ಮುರಿದ. ಇಬ್ಬರ ನಡುವೆ ಇದ್ದದ್ದು ಒಂದು ಮೊಣಕಾಲು.

ದುಡ್ಡಿನ ಲೆಕ್ಕವೂ ಇಲ್ಲೇ ಸೇರಿಕೊಳ್ಳುತ್ತದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಡ್ರಾಫ್ಟ್ ಮೂಲಕ ಬಂದ ಹುಡುಗನ ಮೊದಲ ಕರಾರು ನಾಲ್ಕು ವರ್ಷದ್ದು. ಎಷ್ಟನೆಯ ಆಯ್ಕೆ ಎನ್ನುವುದರ ಮೇಲೆ ಸಂಬಳ ಹೆಚ್ಚುಕಡಿಮೆ ನಿಗದಿಯಾಗಿಬಿಡುತ್ತದೆ. ಮೊದಲ ಸುತ್ತಿನಲ್ಲಿ ಬಂದವನನ್ನು ತಂಡ ಬೇಕೆಂದರೆ ಐದನೆಯ ವರ್ಷವೂ ಉಳಿಸಿಕೊಳ್ಳಬಹುದು. ಮೊದಲ ವರ್ಷವೇ ದಾಖಲೆ ಮಾಡಿದರೂ ಮೂರು ಸೀಸನ್ ಮುಗಿಯುವವರೆಗೆ ಹೊಸ ಕರಾರು ಕೇಳುವಂತಿಲ್ಲ. ಆ ಹೊತ್ತಿಗೆ ಕಾಲಲ್ಲಿ ನೂರಾರು ಓಟಗಳ ದಣಿವು ಕೂತಿರುತ್ತದೆ. ಮೈ ಚೆನ್ನಾಗಿದ್ದಾಗ ಕೇಳುವ ಹಕ್ಕಿಲ್ಲ, ಕೇಳುವ ಹಕ್ಕು ಬಂದಾಗ ಮೈ ಹಳೆಯದು. ರನ್ನಿಂಗ್ ಬ್ಯಾಕ್‌ಗಳು ಈಚೆಗೆ ಬೇಸರ ಹೇಳಿಕೊಳ್ಳುತ್ತಿರುವುದು ಇದಕ್ಕೇ.

ದಾಖಲೆ ಈಗ ಎಲ್ಲಿದೆ?

ಈಗಿನ ಆಟದಲ್ಲಿ ಎಸೆತ ಜಾಸ್ತಿ. ಒಬ್ಬನನ್ನೇ ದಣಿಸುವ ಬದಲು ಓಟವನ್ನು ಇಬ್ಬರು ಮೂವರಿಗೆ ಹಂಚುತ್ತಾರೆ. ಹೊಸ ಹುಡುಗನಿಗೆ 390 ಸಲ ಚೆಂಡು ಕೊಡುವ ತಂಡ ಸಿಗುವುದು ಕಷ್ಟ. ಎಲಿಯಟ್‌ಗೆ ಸಿಕ್ಕಿದ್ದು 322. ಅದೂ ಅವನು 15 ಪಂದ್ಯವಷ್ಟೇ ಆಡಿದ್ದು. ಪ್ಲೇಆಫ್ ಸ್ಥಾನ ಗಟ್ಟಿಯಾಗಿದ್ದರಿಂದ ಕೊನೆಯ ಪಂದ್ಯದಲ್ಲಿ ಅವನಿಗೆ ವಿಶ್ರಾಂತಿ ಕೊಟ್ಟರು.

ಡಿಕರ್ಸನ್‌ನ ಎರಡನೆಯ ವರ್ಷದ 2,105 ಗಜದ ದಾಖಲೆಗೆ 2024ರಲ್ಲಿ ಒಬ್ಬ ತೀರಾ ಹತ್ತಿರ ಬಂದಿದ್ದ. ಫಿಲಡೆಲ್ಫಿಯಾದ ಸೇಕ್ವಾನ್ ಬಾರ್ಕ್ಲಿ. ಈತನೂ ಡ್ರಾಫ್ಟ್‌ನಲ್ಲಿ ಎರಡನೆಯ ಆಯ್ಕೆಯಾಗಿ ಬಂದವನು. 2018ರ ರೂಕಿ ವರ್ಷದಲ್ಲಿ ಓಡಿ 1,307, ಹಿಡಿದು 721, ಒಟ್ಟು 2,028 ಗಜ ಗಳಿಸಿದ್ದ. 2020ರಲ್ಲಿ ಅವನ ಮೊಣಕಾಲೂ ಹೋಗಿತ್ತು. ಅದೆಲ್ಲ ದಾಟಿ ಬಂದು 2024ರಲ್ಲಿ 16 ಪಂದ್ಯಕ್ಕೆ 2,005 ಗಜ. ಇನ್ನೊಂದು ಪಂದ್ಯ ಬಾಕಿ ಇತ್ತು. 101 ಗಜ ಸಿಕ್ಕಿದ್ದರೆ 40 ವರ್ಷದ ದಾಖಲೆ ಬೀಳುತ್ತಿತ್ತು. ತಂಡ ಪ್ಲೇಆಫ್‌ಗಾಗಿ ಅವನನ್ನು ಆ ಪಂದ್ಯದಿಂದ ಹೊರಗಿಟ್ಟಿತು. ಮುಂದಿನ ತಿಂಗಳು ಫಿಲಡೆಲ್ಫಿಯಾ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. 2,105 ಹಾಗೇ ಉಳಿಯಿತು, 1,808 ಕೂಡ.